ಅಮ್ಮನ ಜೊತೆ ಮೂರು ದಿನದ ಮಲೆನಾಡು ಸುತ್ತಾಟ: ಯಾವ ದಾರಿ, ಎಲ್ಲೆಲ್ಲಿ ನಿಲ್ಲಬೇಕು?

ದಾವಣಗೆರೆ ಮಗಳು

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್‌ನಲ್ಲಿ ಮೂರು ದಿನ ಕಾರಿನಲ್ಲಿ ಮಲೆನಾಡು ಸುತ್ತಬೇಕು ಅಂತ ಇದ್ದೇವೆ. ನಾನು, ಯಜಮಾನರು, ಅಮ್ಮ, ಇಬ್ಬರು ಮಕ್ಕಳು. ಮಗಳಿಗೆ 11, ಮಗನಿಗೆ 7. ಅಮ್ಮನಿಗೆ 70 ದಾಟಿದೆ, ಮಂಡಿ ನೋವು. ಹತ್ತಿಪ್ಪತ್ತು ಮೆಟ್ಟಿಲು ಹತ್ತುತ್ತಾರೆ, ಅದಕ್ಕಿಂತ ಜಾಸ್ತಿ ಬೇಡ.

ಈ ಪ್ರವಾಸ ನಿಜವಾಗಿ ಅಮ್ಮನಿಗಾಗಿಯೇ. ಅವರು ಹುಟ್ಟಿದ್ದು ಶರಾವತಿ ದಡದ ಒಂದು ಹಳ್ಳಿಯಲ್ಲಿ, ಕರೂರು ಸೀಮೆ. ಲಿಂಗನಮಕ್ಕಿ ಅಣೆಕಟ್ಟೆ 1964ರಲ್ಲಿ ಮುಗಿಯಿತು. ಅದಕ್ಕೆ ಸ್ವಲ್ಪ ಮೊದಲು ಅಜ್ಜ ಮನೆ ಬಿಚ್ಚಿ, ತೊಲೆ, ಬಾಗಿಲು, ಹಂಚು ಎಲ್ಲ ಲಾರಿಗೆ ಹೇರಿಕೊಂಡು ಶಿವಮೊಗ್ಗದ ಕಡೆ ಬಂದರು. ಅಮ್ಮನಿಗೆ ಆಗ ಎಂಟು ವರ್ಷ. ಊರು ನೀರಿನಡಿ ಹೋಯಿತು. ನನ್ನ ಮದುವೆ ಆದ ವರ್ಷ ಒಮ್ಮೆ ಲಾಂಚ್ ಹತ್ತಿ ಸಿಗಂದೂರಿಗೆ ಹೋಗಿದ್ದರು. ಈಗ ಸೇತುವೆ ಆಗಿದೆ ಅಂತ ಟಿವಿಯಲ್ಲಿ ನೋಡಿದಾಗಿನಿಂದ ಒಂದೇ ಮಾತು, ‘ಒಂದು ಸಲ ಆ ಕಡೆ ಕರೆದುಕೊಂಡು ಹೋಗು’.

ನಾನು ಬರೆದಿಟ್ಟ ಪಟ್ಟಿ ಇದು: ಸಕ್ರೆಬೈಲು, ಮಂಡಗದ್ದೆ, ಕುಪ್ಪಳಿ, ಶೃಂಗೇರಿ, ಕುಂದಾದ್ರಿ, ಆಗುಂಬೆ, ಕವಲೇದುರ್ಗ, ನಗರ ಕೋಟೆ, ಕೊಡಚಾದ್ರಿ, ಕೊಲ್ಲೂರು, ಇಕ್ಕೇರಿ, ಕೆಳದಿ, ಸಿಗಂದೂರು, ಜೋಗ. ಮೂರು ದಿನದಲ್ಲಿ ಇಷ್ಟೂ ಆಗುತ್ತದಾ? ಯಾವುದು ಬಿಡಬೇಕು?

ಇನ್ನೊಂದು ಪ್ರಶ್ನೆ ಮಗಳದ್ದು. ಹೊರದೇಶದ ಕಾಡುಗಳಲ್ಲಿ ಈ ತಿಂಗಳು ಎಲೆ ಕೆಂಪಾಗುವ ವಿಡಿಯೊ ನೋಡಿದ್ದಾಳೆ. ‘ನಮ್ಮ ಕಾಡಿನ ಎಲೆ ಯಾಕೆ ಕೆಂಪಾಗಲ್ಲ’ ಅಂತ ಕೇಳುತ್ತಿದ್ದಾಳೆ. ನನಗೆ ಉತ್ತರ ಗೊತ್ತಿಲ್ಲ.

ತೋಟದಮನೆ (ತೀರ್ಥಹಳ್ಳಿ)

ಮೊದಲು ಮಗಳಿಗೆ ಉತ್ತರ ಹೇಳುತ್ತೇನೆ. ನಮ್ಮ ಕಾಡಿನಲ್ಲೂ ಎಲೆ ಉದುರುತ್ತದೆ ಪುಟ್ಟಿ, ಆದರೆ ಈಗ ಅಲ್ಲ. ಅಲ್ಲಿ ಚಳಿಗೆ ಉದುರುತ್ತದೆ, ಇಲ್ಲಿ ನೀರು ಕಡಿಮೆ ಆದಾಗ ಉದುರುತ್ತದೆ. ಮಳೆ ನಿಂತು ನೆಲ ಒಣಗುತ್ತಾ ಬಂದ ಮೇಲೆ, ಅಂದರೆ ಜನವರಿಯಿಂದ ಮುಂದಕ್ಕೆ. ಆಗ ನಾವು ದರಗು ಗುಡಿಸಿ ಬುಟ್ಟಿಯಲ್ಲಿ ಹೊತ್ತು ತಂದು ಕೊಟ್ಟಿಗೆಗೆ ಹಾಸುತ್ತೇವೆ, ಅದೇ ಗೊಬ್ಬರ ಆಗುತ್ತದೆ. ಕೆಂಪು ಬಣ್ಣ ನೋಡಬೇಕಾದರೆ ಚಿಗುರಿನ ಕಾಲಕ್ಕೆ ಬಾ. ಮಾವಿನ ಎಳೆ ಎಲೆ ತಾಮ್ರದ ಬಣ್ಣ ಇರುತ್ತದೆ. ಎಷ್ಟೋ ಕಾಡುಮರಗಳೂ ಕೆಂಪಾಗಿ ಚಿಗುರುತ್ತವೆ. ಅವರ ಕೆಂಪು ಉದುರುವ ಎಲೆಯದ್ದು, ನಮ್ಮದು ಹುಟ್ಟುವ ಎಲೆಯದ್ದು.

ಅಕ್ಟೋಬರ್‌ನಲ್ಲಿ ಇಲ್ಲಿ ಬಣ್ಣ ಬದಲಾಗುವುದು ಗದ್ದೆಯದ್ದು. ತಿಂಗಳ ಶುರುವಿನಲ್ಲಿ ಕಡು ಹಸಿರು. ಭತ್ತ ಹೊಡೆ ತುಂಬಿ ನಿಂತಿರುತ್ತದೆ. ಆಮೇಲೆ ತೆನೆ ಬಾಗಿ, ಹಸಿರಿಗೆ ಹಳದಿ ಸೇರಿ, ನವೆಂಬರ್ ನಡುವಿಗೆ ಪೂರ್ತಿ ಹೊನ್ನಿನ ಬಣ್ಣ. ಅದನ್ನು ನೋಡಲು ಟಿಕೆಟ್ ಬೇಡ, ರಸ್ತೆ ಪಕ್ಕ ಕಾರು ನಿಲ್ಲಿಸಿದರೆ ಸಾಕು.

ಪಟ್ಟಿ ಮಾತ್ರ ತುಂಬಾ ಉದ್ದ ಆಯಿತು. 14 ಜಾಗ! ಅರ್ಧ ಕಡಿಮೆ ಮಾಡಿ.

ನಿಟ್ಟೂರು ಜೀಪ್

ಕೊಡಚಾದ್ರಿ ಬಿಡಿ ಮೇಡಂ. ನಾನೇ ಜೀಪು ಓಡಿಸುವವನು, ಬಾಡಿಗೆ ಬಂದರೆ ನನಗೇ ಲಾಭ. ಆದರೂ ಹೇಳುತ್ತಿದ್ದೇನೆ. ಮೇಲಿನ ದಾರಿ ಅಂದರೆ ಬರೀ ಕಲ್ಲು, ಕೊರಕಲು. ಮಳೆಗಾಲ ಮುಗಿದ ತಕ್ಷಣ ಇನ್ನೂ ಹಾಳಾಗಿರುತ್ತದೆ. ಒಳಗೆ ಕೂತವರು ತಲೆಗೆ ಪೆಟ್ಟಾಗದಂತೆ ಕಂಬಿ ಹಿಡಿದೇ ಕೂರಬೇಕು. ಮಂಡಿ, ಸೊಂಟ ನೋವು ಇರುವವರಿಗೆ ಖಂಡಿತ ಬೇಡ. ಜೀಪು ಇಳಿದ ಮೇಲೂ ಸರ್ವಜ್ಞ ಪೀಠಕ್ಕೆ ನಡೆದೇ ಹತ್ತಬೇಕು. 1,343 ಮೀಟರ್ ಎತ್ತರದ ಬೆಟ್ಟ, ಗಾಳಿ ಜೋರು.

ಸಂಪೇಕಟ್ಟೆ, ನಿಟ್ಟೂರು ಕಡೆ ಬಂದರೆ ರಸ್ತೆಯಿಂದಲೇ ಬೆಟ್ಟ ಚೆನ್ನಾಗಿ ಕಾಣುತ್ತದೆ. ಬೆಳಿಗ್ಗೆ ಮಂಜು ಸರಿದಾಗ ನೋಡಿ. ಅಮ್ಮನಿಗೆ ಅಷ್ಟು ಸಾಕು.

ಸಾಗರದ ಮೇಷ್ಟ್ರು

ಜೀಪಿನವರು ಹೇಳಿದ್ದು ಸರಿ. ಕೊಲ್ಲೂರನ್ನೂ ಶೃಂಗೇರಿಯನ್ನೂ ಈ ಸಲ ಬಿಡಿ. ಎರಡೂ ಒಳ್ಳೆಯ ಜಾಗಗಳೇ, ಆದರೆ ಮೂಲೆಗೊಂದು. ಅವುಗಳಿಗಾಗಿ ಅರ್ಧರ್ಧ ದಿನ ಬರೀ ಕಾರಿನಲ್ಲೇ ಹೋಗುತ್ತದೆ.

ನನ್ನ ಸಲಹೆ ಹೀಗಿದೆ. ಮೊದಲ ದಿನ ತುಂಗೆಯ ಪಕ್ಕದ ದಾರಿ: ಶಿವಮೊಗ್ಗದಿಂದ ತೀರ್ಥಹಳ್ಳಿ, ಕುಪ್ಪಳಿ, ಆಗುಂಬೆ. ಎರಡನೇ ದಿನ ಹೊಸನಗರದ ಕಡೆ ಹೋಗಿ ನಗರ ನೋಡಿ, ಸಂಜೆಗೆ ಸಾಗರ. ಮೂರನೇ ದಿನ ಇಕ್ಕೇರಿ, ಸೇತುವೆ, ಸಿಗಂದೂರು. ಸಮಯ ಉಳಿದರೆ ಮಾತ್ರ ಜೋಗ.

ಜೋಗದ ಬಗ್ಗೆ ಒಂದು ಮಾತು. ಜನ ಅದನ್ನು ತುಂಬಿ ಧುಮುಕುವ ಫೋಟೊದಲ್ಲಿ ನೋಡಿ ಬರುತ್ತಾರೆ. ಅದು ಜೋರು ಮಳೆಯ ದಿನದ್ದು, ಇಲ್ಲವೇ ಅಣೆಕಟ್ಟೆ ಬಾಗಿಲು ತೆಗೆದ ದಿನದ್ದು. ಲಿಂಗನಮಕ್ಕಿ ತುಂಬುವ ಮಟ್ಟ 1,819 ಅಡಿ. ಅಷ್ಟಕ್ಕೆ ಬಂದು ನೀರು ಬಿಟ್ಟರೆ ಅಕ್ಟೋಬರ್‌ನಲ್ಲೂ ಅಬ್ಬರ ಇರುತ್ತದೆ, ಇಲ್ಲದಿದ್ದರೆ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ತೆಳ್ಳಗಾಗಿರುತ್ತವೆ. ಹೊರಡುವ ಹಿಂದಿನ ದಿನ ಪತ್ರಿಕೆಯಲ್ಲಿ ಜಲಾಶಯದ ಮಟ್ಟ ನೋಡಿಕೊಳ್ಳಿ. ನನಗಂತೂ ಮಳೆ ಬಿಟ್ಟ ಮೇಲಿನ ಜೋಗವೇ ಇಷ್ಟ. ಜುಲೈನಲ್ಲಿ ಎಷ್ಟೋ ಸಲ ಗಂಟೆಗಟ್ಟಲೆ ಮಂಜು ಮುಚ್ಚಿ ಬರೀ ಸದ್ದು ಕೇಳುತ್ತದೆ. ಅಕ್ಟೋಬರ್‌ನಲ್ಲಿ 253 ಮೀಟರ್ ಆಳದವರೆಗೂ ಬಂಡೆ ಕಾಣುತ್ತದೆ. ಕೆಳಗೆ ಇಳಿಯುವುದಕ್ಕೆ ಸಾವಿರಕ್ಕೂ ಹೆಚ್ಚು ಮೆಟ್ಟಿಲು, ಅಮ್ಮನ ಜೊತೆ ಮೇಲಿನಿಂದಲೇ ನೋಡಿ.

ಹಕ್ಕಿ ನೋಡುವವ

ಮಂಡಗದ್ದೆಗೆ ಅಂತಲೇ ಸಮಯ ಇಡಬೇಡಿ. ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಗೂಡು ಕಟ್ಟುವುದು ಮಳೆಗಾಲದಲ್ಲಿ. ಅಕ್ಟೋಬರ್ ಹೊತ್ತಿಗೆ ಮರಿಗಳಿಗೆ ರೆಕ್ಕೆ ಬಲಿತು ಹಾರಲು ಶುರು ಮಾಡುತ್ತವೆ. ಹೆದ್ದಾರಿ ಪಕ್ಕದಲ್ಲೇ ಇದೆ, ಐದು ನಿಮಿಷ ನಿಂತು ನೋಡಿ. ಇದ್ದರೆ ನಿಮ್ಮ ಅದೃಷ್ಟ.

ಸಕ್ರೆಬೈಲಿನ ಆನೆ ಬಿಡಾರ ಮಾತ್ರ ಬಿಡಬೇಡಿ. ಶಿವಮೊಗ್ಗದಿಂದ 14 ಕಿ.ಮೀ. ಆನೆಗಳನ್ನು ಗಾಜನೂರು ಹಿನ್ನೀರಿನಲ್ಲಿ ತೊಳೆಯುವುದು ಬೆಳಿಗ್ಗೆ. 11 ಗಂಟೆಯ ಮೇಲೆ ಹೋದರೆ ಆನೆಗಳು ಕಾಡಿಗೆ ಹೊರಟಿರುತ್ತವೆ, ಖಾಲಿ ದಡ ನೋಡಿಕೊಂಡು ಬರಬೇಕು. ದಾವಣಗೆರೆಯಿಂದ ಕತ್ತಲಿರುವಾಗಲೇ ಹೊರಡಿ.

ಹೊಸನಗರ ಅಕ್ಕ

ತಂಗಿ, ಕವಲೇದುರ್ಗವನ್ನೂ ತೆಗೆದುಬಿಡು. ಗದ್ದೆ ಅಂಚಿನಲ್ಲಿ ನಡೆದು, ಆಮೇಲೆ ಹಾಸುಗಲ್ಲಿನ ದಾರಿ ಹತ್ತಬೇಕು. ಮಳೆಗಾಲದ ಪಾಚಿ ಇನ್ನೂ ಇರುತ್ತದೆ, ಕಾಲು ಜಾರುತ್ತದೆ. ಕೋಟೆ ನೋಡುವ ಆಸೆಗೆ ನಗರ ಇದೆಯಲ್ಲ. ಅಲ್ಲಿ ಕೋಟೆ ರಸ್ತೆಗೇ ಅಂಟಿಕೊಂಡಿದೆ. ಅಮ್ಮ ಬಾಗಿಲ ಹತ್ತಿರ ಕೂತಿರಲಿ, ಮಕ್ಕಳನ್ನು ಮೇಲೆ ಓಡಾಡಿಸಿ.

ಮಕ್ಕಳಿಗೆ ಇದನ್ನು ಹೇಳು. ಅದು ಬರೀ ನಗರ ಅಲ್ಲ, ಬಿದನೂರು. ಕೆಳದಿ ಅರಸರಿಗೆ ಮೊದಲು ಕೆಳದಿ ರಾಜಧಾನಿ, ಆಮೇಲೆ ಇಕ್ಕೇರಿ, ಕೊನೆಗೆ ಬಿದನೂರು. ಗದ್ದೆ ಅಳೆದು, ಬೆಳೆ ನೋಡಿ ಕಂದಾಯ ಗೊತ್ತುಮಾಡಿದ ಶಿವಪ್ಪನಾಯಕ ಆಳಿದ್ದು ಇಲ್ಲಿಂದಲೇ. ಈಗಲೂ ‘ಶಿವಪ್ಪನಾಯಕನ ಶಿಸ್ತು’ ಅಂತ ನಾವು ಮಾತಿಗೆ ಹೇಳುತ್ತೇವೆ. ಔರಂಗಜೇಬನಿಗೆ ಹೆದರದೆ ಶಿವಾಜಿಯ ಮಗ ರಾಜಾರಾಮನಿಗೆ ಜಾಗ ಕೊಟ್ಟ ಚೆನ್ನಮ್ಮ ಇದೇ ಮನೆತನದ ರಾಣಿ. 1763ರಲ್ಲಿ ಹೈದರಾಲಿ ಊರು ಹಿಡಿದು ಹೈದರನಗರ ಅಂತ ಹೆಸರಿಟ್ಟ. ಹೈದರ್ ಹೋಗಿ ನಗರ ಉಳಿಯಿತು.

ಹತ್ತಿರದಲ್ಲೇ ದೇವಗಂಗೆ ಕೊಳಗಳಿವೆ. ಗುಡ್ಡದ ನೀರು ಒಂದರಿಂದ ಒಂದಕ್ಕೆ ಹರಿಯುವ ಹಾಗೆ ಕಲ್ಲಿನಲ್ಲಿ ಕಟ್ಟಿದ್ದಾರೆ. ಅಲ್ಲಿ ಸದ್ದು ಮಾಡದೆ ಅರ್ಧ ಗಂಟೆ ಕೂತು ಬಾ. ನಮ್ಮ ತಾಲ್ಲೂಕಿನಲ್ಲಿ ನನಗೆ ಅದಕ್ಕಿಂತ ಇಷ್ಟದ ಜಾಗ ಇನ್ನೊಂದಿಲ್ಲ.

ಪೆಟ್ರೋಲ್ ತೀರ್ಥಹಳ್ಳಿಯಲ್ಲೋ ಹೊಸನಗರದಲ್ಲೋ ಹಾಕಿಸಿಕೊಳ್ಳಿ. ನಡುವೆ ಫೋನ್ ಸಿಗ್ನಲ್ ಇಲ್ಲದ ಕಡೆ ಜಾಸ್ತಿ, ಮ್ಯಾಪ್ ಮೊದಲೇ ಇಳಿಸಿಕೊಂಡಿರಿ.

ಬೆಂಗಳೂರು ಸೊಸೆ

ಉಳಿಯುವ ಜಾಗದ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ಹೋದ ವರ್ಷ ಅತ್ತೆ ಮಾವನ ಜೊತೆ ಬಂದಿದ್ದೆವು. ಒಂದು ಹೋಮ್‌ಸ್ಟೇಗೆ ಮುಂಗಡ ಕಟ್ಟಿದ್ದೆವು. ರಾತ್ರಿ ಎಂಟಕ್ಕೆ ಮಳೆಯಲ್ಲಿ ಹೋದರೆ ಕೆಳಗಿನ ಕೋಣೆ ಬೇರೆಯವರಿಗೆ ಕೊಟ್ಟಿದ್ದರು. ನಮಗೆ ಸಿಕ್ಕಿದ್ದು ಅಟ್ಟದ ಕೋಣೆ, ಕಡಿದಾದ ಮರದ ಏಣಿ. ಮಾವ ಆ ರಾತ್ರಿ ಜಗಲಿಯಲ್ಲೇ ಮಲಗಿದರು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಫೋನ್ ಮಾಡಿ ಮೂರು ವಿಷಯ ಕೇಳಿ: ಕೋಣೆ ನೆಲದಲ್ಲೇ ಇದೆಯಾ, ಕಮೋಡ್ ಇದೆಯಾ, ಕಾರು ಬಾಗಿಲವರೆಗೆ ಬರುತ್ತದಾ. ಉತ್ತರವನ್ನು ಮೆಸೇಜ್‌ನಲ್ಲಿ ಬರೆಸಿಕೊಳ್ಳಿ.

ತುಮರಿಯವ

ಅಕ್ಕ, ನಿಮ್ಮಮ್ಮ ನಮ್ಮ ಕಡೆಯವರು ಅಂತ ಓದಿ ತುಂಬಾ ಸಂತೋಷವಾಯಿತು. ನಾವು ಹಿನ್ನೀರಿನ ಈಚೆ ದಡದವರು.

ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ಓಡಾಟಕ್ಕೆ ತೆರೆಯಿತು. ಉದ್ದ ಸುಮಾರು 2.4 ಕಿ.ಮೀ. ಹೊರಗಿನವರಿಗೆ ಅದು ನೋಡುವ ಜಾಗ, ನಮಗೆ ಬದುಕು. ಮೊದಲು ಕತ್ತಲಾದರೆ ಲಾಂಚ್ ಇಲ್ಲ. ರಾತ್ರಿ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ಸುತ್ತುದಾರಿಯಲ್ಲಿ ಕಾಡು ದಾಟಿ ಹೋಗಬೇಕಿತ್ತು. ಬೇಸಿಗೆಯಲ್ಲಿ ನೀರು ಇಳಿದರೆ ವಾಹನ ಹತ್ತಿಸುತ್ತಿರಲಿಲ್ಲ. ನಾಡಿಗೆಲ್ಲ ಕರೆಂಟು ಕೊಡಲು ಊರು ಬಿಟ್ಟುಕೊಟ್ಟವರು, ನಡುಗಡ್ಡೆಯ ಹಾಗೆ ಅರುವತ್ತು ವರ್ಷ ಇದ್ದೆವು. ಈಗ ನಿಮಿಷಗಳಲ್ಲಿ ಆಚೆ ದಡ.

ದಯವಿಟ್ಟು ಸೇತುವೆಯ ಮೇಲೆ ಕಾರು ನಿಲ್ಲಿಸಬೇಡಿ. ಫೋಟೊಗೆ ನಿಂತವರಿಂದ ಅಪಾಯ ಆಗುತ್ತದೆ. ಅಂಬಾರಗೋಡ್ಲು ದಡದಲ್ಲೇ ನಿಲ್ಲಿಸಿ, ಹಳೆ ಲಾಂಚ್ ದಾರಿಯಲ್ಲಿ ನೀರಿನ ಹತ್ತಿರಕ್ಕೆ ಹೋಗಿ. ಆದರೆ ಒಂದು ಮಾತು ಅಮ್ಮನಿಗೆ ಮೊದಲೇ ಹೇಳಿಡಿ. ಅಕ್ಟೋಬರ್‌ನಲ್ಲಿ ಹಿನ್ನೀರು ತುಂಬಿರುತ್ತದೆ. ಹಳೆ ಊರು, ಹಳೆ ದಾರಿ ಏನೂ ಕಾಣುವುದಿಲ್ಲ. ಅಲ್ಲಲ್ಲಿ ನಡುಗಡ್ಡೆ ಕಾಣುತ್ತವೆ, ಅವೆಲ್ಲ ಹಳೆ ಗುಡ್ಡಗಳ ತುದಿ. ಮುಳುಗಿದ್ದು ಕಾಣಬೇಕಾದರೆ ಏಪ್ರಿಲ್, ಮೇ ತಿಂಗಳಲ್ಲಿ ಬರಬೇಕು. ಮಳೆ ಕಡಿಮೆಯಾದ ವರ್ಷ ಲಿಂಗನಮಕ್ಕಿಗೂ ಮೊದಲು ಕಟ್ಟಿದ್ದ ಮಡೆನೂರು ಅಣೆಕಟ್ಟೆಯೇ ಮೇಲೆ ಬರುತ್ತದೆ.

ದಾವಣಗೆರೆ ಮಗಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪಟ್ಟಿಯಿಂದ ಕೊಡಚಾದ್ರಿ, ಕೊಲ್ಲೂರು, ಶೃಂಗೇರಿ, ಕವಲೇದುರ್ಗ, ಕುಂದಾದ್ರಿ ಹೊಡೆದು ಹಾಕಿದೆ. ತುಮರಿಯವರ ಮಾತು ಅಮ್ಮನಿಗೆ ಓದಿ ಹೇಳಿದೆ. ‘ಕಾಣದಿದ್ದರೆ ಬೇಡ, ನೀರಾದರೂ ಅದೇ ಅಲ್ವಾ’ ಅಂದರು.

ತೋಟದಮನೆ (ತೀರ್ಥಹಳ್ಳಿ)

ಒಂದು ಕೋರಿಕೆ. ಸಾಧ್ಯವಾದರೆ ಎರಡನೇ ದಿನ ಭೂಮಿ ಹುಣ್ಣಿಮೆ ಬರುವ ಹಾಗೆ ಹೊರಡಿ. ನಿಮ್ಮ ಕಡೆ ಶೀಗೆ ಹುಣ್ಣಿಮೆ ಅನ್ನುತ್ತೀರಿ. ಹೊಡೆ ತುಂಬಿದ ಭತ್ತ ಅಂದರೆ ಬಸುರಿ. ಬಸುರಿಗೆ ಬಯಕೆ ಊಟ ಹಾಕುವುದು ನಮ್ಮ ಪದ್ಧತಿ. ಹಿಂದಿನ ರಾತ್ರಿ ಹೆಂಗಸರು ಮಲಗುವುದಿಲ್ಲ. ಕಡುಬು, ಹಲವು ಬಗೆಯ ಪಲ್ಯ, ಸೊಪ್ಪು ಬೇಯಿಸುತ್ತಾರೆ. ಎಷ್ಟೋ ತರದ ಸೊಪ್ಪು ಸೇರಿಸಿ ಮಾಡಿದ್ದನ್ನು ಬೆಳಕು ಹರಿಯುವ ಮೊದಲೇ ಗದ್ದೆಗೆ ಬೀರುತ್ತಾರೆ. ಸಾಗರ, ಸೊರಬದ ಕಡೆ ದೀವರ ಮನೆಗಳಲ್ಲಿ ಪೂಜೆಗೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನಲ್ಲಿ ಬರೆಯುವ ಚಿತ್ತಾರ ನೋಡಬೇಕು, ಅಷ್ಟು ಚೆಂದ. ಪೂಜೆ ಮುಗಿದ ಮೇಲೆ ಎಲ್ಲರೂ ಗದ್ದೆಯಲ್ಲೇ ಕೂತು ಉಣ್ಣುವುದು.

ನಮ್ಮ ಮನೆಗೆ ಬನ್ನಿ. ಐದು ಜನ ಹೆಚ್ಚಲ್ಲ. ವಿಳಾಸ ಖಾಸಗಿ ಮೆಸೇಜ್‌ನಲ್ಲಿ ಕಳಿಸುತ್ತೇನೆ.

ಸಾಗರದ ಮೇಷ್ಟ್ರು

ಇದಕ್ಕಿಂತ ಒಳ್ಳೆಯ ಕರೆ ಸಿಗುವುದಿಲ್ಲ. ಹೋಗಿ ಬನ್ನಿ.

ಕಾಡಂಚಿನ ನರ್ಸ್

ಮಕ್ಕಳಿಗೆ ಉದ್ದ ಸಾಕ್ಸ್ ಹಾಕಿಸಿ. ಉಂಬಳ (ಜಿಗಣೆ) ಇನ್ನೂ ಇರುತ್ತವೆ. ಕಚ್ಚಿದರೆ ಕಿತ್ತು ಎಳೆಯಬೇಡಿ, ಉಪ್ಪು ಹಾಕಿದರೆ ತಾನೇ ಬಿಡುತ್ತದೆ. ಸ್ವಲ್ಪ ಹೊತ್ತು ರಕ್ತ ನಿಲ್ಲುವುದಿಲ್ಲ, ಹೆದರಬೇಡಿ.

ಡಿಸೆಂಬರ್ ಮೇಲೆ ಬರುವವರಿಗೆ ಇನ್ನೊಂದು ಮಾತು. ಆಗ ಉಣುಗಿನ ಕಾಲ, ಮಂಗನ ಕಾಯಿಲೆ ಹರಡುವುದು ಅದರಿಂದ. 1957ರಲ್ಲಿ ಮೊದಲು ಗುರುತಿಸಿದ್ದು ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲೇ. ಮಂಗ ಸತ್ತ ಜಾಗದ ಹತ್ತಿರ ಹೋಗಬೇಡಿ, ದರಗಿನ ಮೇಲೆ ಕೂರಬೇಡಿ. ಊರಿಗೆ ಮರಳಿದ ಮೇಲೆ ಜ್ವರ ಬಂದರೆ ಮಲೆನಾಡಿಗೆ ಹೋಗಿದ್ದೆವು ಅಂತ ಡಾಕ್ಟರಿಗೆ ಹೇಳಿ.

ದಾವಣಗೆರೆ ಮಗಳು

ಹೋಗಿ ಬಂದೆವು. ಇಷ್ಟು ಜನ ಇಷ್ಟು ಅಕ್ಕರೆಯಿಂದ ದಾರಿ ಹೇಳಿದ್ದೀರಿ, ಹಾಗಾಗಿ ಪೂರ್ತಿ ಬರೆಯುತ್ತೇನೆ.

ಸಕ್ರೆಬೈಲಿಗೆ ಒಂಬತ್ತಕ್ಕೆ ಮುಟ್ಟಿದೆವು. ಮಾವುತರು ಆನೆಯನ್ನು ನೀರಿನಲ್ಲಿ ಮಲಗಿಸಿ ಬೆನ್ನು ಉಜ್ಜುತ್ತಿದ್ದರು. ಮಗ ಅಲ್ಲಿಂದ ಕದಲಲು ಒಪ್ಪಲಿಲ್ಲ. ಮಂಡಗದ್ದೆಯಲ್ಲಿ ಬೆಳ್ಳಕ್ಕಿ ಕೆಲವಿದ್ದವು. ಕುಪ್ಪಳಿಯಲ್ಲಿ ಕುವೆಂಪು ಅವರ ಮನೆಯೊಳಗೆ ಅಮ್ಮ ಸುಮ್ನೆ ಒಂದು ಕಂಬ ಹಿಡಿದು ನಿಂತುಬಿಟ್ಟರು. ತೊಟ್ಟಿ, ಮುಂಡಿಗೆ, ಬಾಣಂತಿ ಕೋಣೆ ಎಲ್ಲ ಮಗಳಿಗೆ ಅವರೇ ವಿವರಿಸಿದರು. ‘ನಮ್ಮನೆ ಇದರ ಕಾಲು ಭಾಗ ಇತ್ತು, ಆದರೆ ಹೀಗೇ ಇತ್ತು’ ಅಂದರು. ಅಮ್ಮ ತಮ್ಮ ಮನೆಯ ಬಗ್ಗೆ ಅಷ್ಟು ಮಾತಾಡಿದ್ದು ನಾನು ಕೇಳಿದ್ದು ಅದೇ ಮೊದಲು. ಕವಿಶೈಲಕ್ಕೆ ಕಾರಿನಲ್ಲೇ ಹೋದೆವು.

ಆಗುಂಬೆಯಲ್ಲಿ ಸೂರ್ಯಾಸ್ತ ಕಾಣಲಿಲ್ಲ. ಐದೂವರೆಗೆ ಕಣಿವೆಯಿಂದ ಮಂಜು ಎದ್ದು ಬಂದು ಎಲ್ಲ ಮುಚ್ಚಿತು. ಯಜಮಾನರಿಗೆ ಬೇಜಾರಾಯಿತು. ಮಕ್ಕಳು ಮಾತ್ರ ಆ ಮಂಜಿನಲ್ಲಿ ಕೈ ಚಾಚಿ ಆಡಿದರು. ಮಗನ ಸಾಕ್ಸ್ ಮೇಲೆ ಒಂದು ಉಂಬಳ ಸಿಕ್ಕಿತು, ನರ್ಸ್ ಮೇಡಂ ಹೇಳಿದ ಉಪ್ಪು ಕೆಲಸ ಮಾಡಿತು.

ಮರುದಿನ ನಾಲ್ಕೂವರೆಗೆ ತೋಟದಮನೆಯವರ ಗದ್ದೆಯಲ್ಲಿದ್ದೆವು. ಏನು ಹೇಳಲಿ? ಬೆಳದಿಂಗಳು ಇನ್ನೂ ಇತ್ತು. ಅವರ ಮನೆಯ ಅಜ್ಜ ದೊಂದಿ ಹಿಡಿದು ಕೂಗುತ್ತಾ ಅಂಚಿನ ಮೇಲೆ ನಡೆದು ಸೊಪ್ಪಿನ ಅಂಬಲಿ ಬೀರಿದರು. ಆಚೆ ಗದ್ದೆಯಿಂದ, ಅದರಾಚೆಯಿಂದ ಇನ್ನೊಬ್ಬರ ಕೂಗು ಬರುತ್ತಿತ್ತು. ಬೆಳಗಾದ ಮೇಲೆ ಭತ್ತದ ಗಿಡಕ್ಕೆ ಹೊಸ ಬಟ್ಟೆ, ಸರ ಹಾಕಿ ಪೂಜೆ ಮಾಡಿದರು. ಒಂದು ಕಡುಬನ್ನು ಗದ್ದೆಯಲ್ಲೇ ಹೂತರು. ಅಮ್ಮ ಕೈಮುಗಿದು ನಿಂತಿದ್ದರು. ಅಲ್ಲಿ ಬಾಳೆ ಎಲೆಯಲ್ಲಿ ಉಂಡ ಕಡುಬು, ಅಪ್ಪೆಮಿಡಿ ಉಪ್ಪಿನಕಾಯಿ ಮಗಳು ಇನ್ನೂ ನೆನೆಯುತ್ತಿದ್ದಾಳೆ. ಕೆಂಪು ಎಲೆಯ ಮಾತು ಅವಳು ಮತ್ತೆ ಎತ್ತಲಿಲ್ಲ.

ನಗರ, ದೇವಗಂಗೆ ನೋಡಿ ಬಟ್ಟೆಮಲ್ಲಪ್ಪದ ಮೇಲೆ ಸಾಗರಕ್ಕೆ ಬಂದೆವು. ಇಕ್ಕೇರಿಯ ಅಘೋರೇಶ್ವರನ ಗುಡಿಯಲ್ಲಿ ನೆಲದ ಮೇಲೆ ಅಡ್ಡಬಿದ್ದ ಅರಸರ ಚಿತ್ರ ಕೆತ್ತಿದ್ದಾರೆ. ‘ರಾಜರೂ ಸಾಷ್ಟಾಂಗ ಹಾಕ್ತಿದ್ರಾ’ ಅಂತ ಮಗ ಅದರ ಪಕ್ಕದಲ್ಲೇ ಮಲಗಿ ತೋರಿಸಿದ. ಕೆಳದಿಗೆ, ಜೋಗಕ್ಕೆ ಹೋಗಲಿಲ್ಲ. ಕಾರಣ ಅಂಬಾರಗೋಡ್ಲು.

ಅಲ್ಲಿ ಅಮ್ಮ ಮೂರು ಗಂಟೆ ಇದ್ದರು. ನೀರು ತುಂಬಿತ್ತು, ಅಲೆ ಇರಲಿಲ್ಲ. ಮಗಳ ಭುಜ ಹಿಡಿದು ದಡಕ್ಕೆ ಇಳಿದರು. ದೂರದಲ್ಲಿ ಮೂರು ನಡುಗಡ್ಡೆ. ‘ಅದೇ ನಾವು ದನ ಬಿಡುತ್ತಿದ್ದ ಗುಡ್ಡ’ ಅಂತ ಒಂದನ್ನು ತೋರಿಸಿದರು. ಸ್ವಲ್ಪ ಹೊತ್ತಿಗೆ ‘ಅಲ್ಲ, ಅದರ ಪಕ್ಕದ್ದು’ ಅಂದರು. ಆಮೇಲೆ ಸುಮ್ಮನಾದರು. ನನಗೆ ಸಂಕಟವಾಯಿತು. ಅಷ್ಟರಲ್ಲಿ ಬಲೆ ಸರಿಮಾಡುತ್ತಿದ್ದ ಒಬ್ಬ ಹಿರಿಯರು ‘ಯಾವೂರಾಯ್ತು ಅಮ್ಮ’ ಅಂತ ಕೇಳಿದರು. ಅಮ್ಮ ಊರ ಹೆಸರು ಹೇಳಿದರು. ಅವರು ಬಲೆ ಬಿಟ್ಟು ಎದ್ದು ಬಂದರು. ‘ನಿಮ್ಮೂರು ಇಲ್ಲಿಂದ ಕಾಣೋದಿಲ್ಲ, ಆ ಮೂಲೆಯ ಆಚೆ. ಅಲ್ಲಿ ನಿಮ್ಮ ಬಾವಿ ಕಟ್ಟೆ ಇನ್ನೂ ಇದೆ. ಬೇಸಿಗೆಯಲ್ಲಿ ಮೇಲೆ ಬರ್ತದೆ’ ಅಂದರು. ಅಮ್ಮ ಅವರ ಕೈ ಹಿಡಿದುಕೊಂಡರು. ಇಬ್ಬರೂ ಕಲ್ಲಿನ ಮೇಲೆ ಕೂತು ಮನೆತನಗಳ ಹೆಸರು ಹೇಳಿಕೊಳ್ಳುತ್ತಾ ಹೋದರು. ಯಾರು ಎಲ್ಲಿಗೆ ಹೋದರು, ಯಾರು ತೀರಿಕೊಂಡರು ಅಂತ. ನಾವು ಏಳಿಸಲಿಲ್ಲ.

ಸಂಜೆ ಸೇತುವೆ ದಾಟಿ ಸಿಗಂದೂರಿನಲ್ಲಿ ದೇವಿಯ ದರ್ಶನ ಮಾಡಿ ಬಂದೆವು. ಸೇತುವೆಯ ಉದ್ದಕ್ಕೂ ಅಮ್ಮ ಕಿಟಕಿ ಇಳಿಸಿ ಆ ಮೂಲೆಯ ಕಡೆಯೇ ನೋಡುತ್ತಿದ್ದರು.

ತುಮರಿಯವರೇ, ಏಪ್ರಿಲ್‌ನಲ್ಲಿ ಬಂದರೆ ಆ ಬಾವಿಯವರೆಗೆ ಹೋಗಲು ಆಗುತ್ತದಾ? ಅಮ್ಮ ಎಷ್ಟು ದೂರ ನಡೆಯಬೇಕಾಗುತ್ತದೆ?

ತುಮರಿಯವ

ಆ ವರ್ಷದ ನೀರಿನ ಮೇಲೆ ಹೋಗುತ್ತದೆ ಅಕ್ಕ. ಏಪ್ರಿಲ್ ಕೊನೆಗೆ ಸಾಮಾನ್ಯವಾಗಿ ಇಳಿದಿರುತ್ತದೆ. ಕಾರು ಸ್ವಲ್ಪ ದೂರ ಹೋಗುತ್ತದೆ, ಮುಂದೆ ಕೆಸರು ಒಣಗಿ ಬಿರುಕು ಬಿಟ್ಟ ನೆಲ, ನಿಧಾನವಾಗಿ ನಡೆಯಬಹುದು. ನಮ್ಮ ಮನೆಯಲ್ಲಿ ಉಳಿದು ಬೆಳಿಗ್ಗೆ ಬೇಗ ಹೋಗೋಣ, ನಾನೇ ಜೊತೆಗೆ ಬರುತ್ತೇನೆ. ಹಿಂದಿನ ವಾರ ನಾನು ಹೋಗಿ ನೋಡಿ ಫೋಟೊ ಕಳಿಸುತ್ತೇನೆ.

ದಾವಣಗೆರೆ ಮಗಳು

ಹಾಗಾದರೆ ಏಪ್ರಿಲ್ ಕೊನೆಯ ವಾರ. ಅಮ್ಮ ಪಕ್ಕದಲ್ಲೇ ಕೂತಿದ್ದಾರೆ. ಕೊಡೆ ತರಬೇಕಾ ಅಂತ ಕೇಳುತ್ತಿದ್ದಾರೆ.

ತುಮರಿಯವ

ತನ್ನಿ. ಅಲ್ಲಿ ಮರ ಒಂದೂ ಇಲ್ಲ.